ಮುಸುರೆಯಾದ ಕ್ಯಾರೆಟ್ಟು

ಇಂಗ್ಲೆಂಡಿನಲ್ಲಿ ಹಿತ್ತಲಿನ ಕ್ಯಾರೆಟ್ಟನ್ನು ಕಿತ್ತು ನೇರವಾಗಿ ಹಂದಿಗೆ ಹಾಕಬಹುದು. ಅದೇ ಕ್ಯಾರೆಟ್ಟನ್ನು ಅಡುಗೆಮನೆಗೆ ತಂದು, ಸಿಪ್ಪೆ ಹೆರೆದು, ಆ ಸಿಪ್ಪೆಯನ್ನು ಹಾಕಿದರೆ ಅಪರಾಧ. ಮನೆಯವರು ಸಸ್ಯಾಹಾರಿಗಳಾದರೂ ವಿನಾಯಿತಿಯಿಲ್ಲ. ಸಾಕಿದ್ದು ಒಂದೇ ಹಂದಿಯಾಗಲಿ, ಅದನ್ನು ನಾಯಿಮರಿಯ ಹಾಗೆ ಮುದ್ದಿಗೆ ಸಾಕಿರಲಿ, ನಿಯಮ ಅದೇ.

ತಟ್ಟೆಯಲ್ಲಿ ಉಳಿದದ್ದು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಹೀಗಾಗಿ ಇಂಥ ನಿಯಮಗಳನ್ನು ಓದುವುದೇ ನನ್ನ ಕೆಲಸ. ಇದನ್ನು ಓದಿದಾಗ ಮಾತ್ರ ನಗು ಬಂತು. ಅಜ್ಜಿಯ ಮುಸುರೆ ನೆನಪಾಯಿತು. ಅಕ್ಕಿ ಮುಸುರೆಯಲ್ಲ, ಅನ್ನ ಮುಸುರೆ. ಅನ್ನ ಮುಟ್ಟಿದ ಕೈಯನ್ನು ತೊಳೆಯದೆ ಉಪ್ಪಿನಕಾಯಿ ಜಾಡಿ ಮುಟ್ಟುವಂತಿರಲಿಲ್ಲ. ವಸ್ತು ಅದೇ, ಎಲ್ಲಿ ಹಾದುಬಂತು, ಏನನ್ನು ಮುಟ್ಟಿತು ಎಂಬುದರ ಮೇಲೆ ಅದರ ಜಾತಿ ಬದಲಾಗುತ್ತಿತ್ತು. ಆದರೆ ಅಜ್ಜಿಯ ಮನೆಯಲ್ಲಿ ನಮಗೆ ಬೇಡವಾದದ್ದೆಲ್ಲ ಕಲಗಚ್ಚಿನ ಬಾನಿಗೆ ಬಿದ್ದು ಹಸುವಿಗೆ ಹೋಗುತ್ತಿತ್ತು. ಇಂಗ್ಲೆಂಡಿನಲ್ಲಿ ತಿರುವುಮುರುವು: ಮನುಷ್ಯರು ತಿಂದು ಬಿಟ್ಟದ್ದು ಪ್ರಾಣಿಗೆ ವರ್ಜ್ಯ.

ಅಧ್ಯಯನಕ್ಕೆಂದು ಆರು ತಿಂಗಳು ಅಲ್ಲಿದ್ದಾಗ ಯಾರ್ಕ್‌ಶೈರಿನಲ್ಲಿ ನಾಲ್ಕು ಹಂದಿ ಸಾಕಿದ್ದ ಒಬ್ಬರನ್ನು ನೋಡಲು ಹೋಗಿದ್ದೆ. ಸೇಬಿನ ಮರದಡಿ ಬಿದ್ದ ಹಣ್ಣನ್ನು ಅವರು ಅಲ್ಲಿಂದಲೇ ಬೇಲಿಯಾಚೆ ಎಸೆಯುತ್ತಿದ್ದರು. "ಇದು ನಮಗೋ ಅವಕ್ಕೋ ಅಂತ ಹೊರಗೇ ತೀರ್ಮಾನ ಮಾಡಬೇಕು. ಬಾಗಿಲು ದಾಟಿದ ಮೇಲೆ ಮನಸ್ಸು ಬದಲಾಯಿಸೋ ಹಾಗಿಲ್ಲ" ಎಂದರು. ಅಡುಗೆಮನೆಯ ಸಿಪ್ಪೆ ಗೊಬ್ಬರಕ್ಕೆ ಹೋಗುತ್ತದೆ. ಆ ಗೊಬ್ಬರದ ರಾಶಿಗೂ ಹಂದಿಗಳ ಮೂತಿ ಸೋಕದ ಹಾಗೆ ತಡಿಕೆ.

ಅವರ ಅಜ್ಜನ ಕಾಲದಲ್ಲಿ ಹೀಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಸರ್ಕಾರವೇ ಮನೆಮನೆಯ ಉಳಿಕೆಯನ್ನು ಹಂದಿಗಳಿಗಾಗಿ ಕೊಡಿ ಎಂದು ಕೇಳಿತ್ತು. ಬೀದಿಬೀದಿಯಲ್ಲಿ ಅದಕ್ಕೆಂದೇ ಡಬ್ಬಿಗಳು. ಲಂಡನ್ನಿನ ಟಾಟನ್‌ಹ್ಯಾಮಿನಲ್ಲಿ ಅದನ್ನೆಲ್ಲ ಬೇಯಿಸಿ ಗಟ್ಟಿ ಮಾಡಿದ ಮೇವಿಗೆ 'ಟಾಟನ್‌ಹ್ಯಾಮ್ ಪುಡಿಂಗ್' ಎಂಬ ಹೆಸರೇ ಬಿತ್ತು. ಯಾರಿಟ್ಟ ಹೆಸರೋ, ಹಂದಿಗಂತೂ ಮರ್ಯಾದೆ ಕೊಟ್ಟಿದ್ದಾರೆ.

ಎಲ್ಲವೂ ಬದಲಾದದ್ದು 2001ರಲ್ಲಿ. ಫೆಬ್ರವರಿಯಲ್ಲಿ ಎಸೆಕ್ಸಿನ ಒಂದು ಕಸಾಯಿಖಾನೆಯ ಹಂದಿಗಳಲ್ಲಿ ಕಾಲುಬಾಯಿ ರೋಗ ಕಂಡಿತು. ಜಾಡು ಹಿಡಿದು ಹೋದವರು ನಾರ್ತಂಬರ್‌ಲ್ಯಾಂಡಿನ ಒಂದು ಹಂದಿ ಫಾರ್ಮಿಗೆ ಮುಟ್ಟಿದರು. ಅಲ್ಲಿ ಹೋಟೆಲಿನಂಥ ಕಡೆಯಿಂದ ಬಂದ ಉಳಿಕೆಯನ್ನು ಸರಿಯಾಗಿ ಕುದಿಸದೆ ಹಾಕಲಾಗಿತ್ತು. ಅದರೊಳಗಿನ ಮಾಂಸದಿಂದಲೇ ವೈರಸ್ಸು ಬಂದಿರಬೇಕು ಎಂದು ತನಿಖೆ ಹೇಳಿತು. ಅದು ಗಾಳಿಯಲ್ಲಿ ಹತ್ತಿರದ ಕುರಿಗಳಿಗೆ, ಕುರಿಗಳ ಜೊತೆ ಸಂತೆಗೆ, ಸಂತೆಯಿಂದ ದೇಶಕ್ಕೆಲ್ಲ ಹರಡಿತು. 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಅದೇ ಮೇ ತಿಂಗಳಲ್ಲಿ ಉಳಿಕೆ ಹಾಕುವುದೇ ನಿಷೇಧವಾಯಿತು, ಕುದಿಸಿ ಹಾಕುವುದು ಕೂಡ.

ಕ್ಯಾರೆಟ್ಟಿನ ನಿಯಮ ಮೂಢನಂಬಿಕೆಯಲ್ಲ ಎಂದು ಇಲ್ಲಿ ಒಪ್ಪಬೇಕು. ಹ್ಯಾಮ್ ಕತ್ತರಿಸಿದ ಚಾಕುವಿನಲ್ಲೇ ಕ್ಯಾರೆಟ್ಟೂ ಕತ್ತರಿಸಲ್ಪಡುತ್ತದೆ. ಹಂದಿಜ್ವರದ ವೈರಸ್ಸು ಉಪ್ಪು ಹಚ್ಚಿ ಒಣಗಿಸಿದ ಮಾಂಸದಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು. ಪ್ರತಿ ಬಕೆಟ್ಟನ್ನೂ ಕೆದಕಿ ನೋಡಲು ಯಾವ ಅಧಿಕಾರಿಗೂ ಆಗದು. ಹೊಸ್ತಿಲಾದರೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಆದರೆ ಪರವಾನಗಿ ಪಡೆದು, ನಿಯತ್ತಾಗಿ ಕುದಿಸಿ ಹಾಕುತ್ತಿದ್ದವರ ಒಲೆಯನ್ನೂ ಆರಿಸಿದ್ದು ನನಗೆ ಸರಿ ಕಾಣುವುದಿಲ್ಲ. ಜಪಾನಿನಲ್ಲಿ ಇಂದಿಗೂ ಆಹಾರದ ಉಳಿಕೆಯನ್ನು ಕಾಯಿಸಿ ಹಂದಿಗಳ ಮೇವು ಮಾಡುತ್ತಾರೆ. ಬ್ರಿಟನ್ನು ಅದರ ಬದಲು ಸೋಯಾ ತರಿಸುತ್ತದೆ, ಸಾಗರದಾಚೆಯಿಂದ.

ನಮ್ಮಲ್ಲಿ ಈ ಪ್ರಶ್ನೆ ಬಂದಿರುವುದು ಬೇರೆ ದಾರಿಯಲ್ಲಿ. ಆಫ್ರಿಕನ್ ಹಂದಿಜ್ವರ 2020ರಲ್ಲಿ ಅಸ್ಸಾಮಿನಲ್ಲಿ, 2022ರಲ್ಲಿ ಕೊಡಗಿನ ಪಕ್ಕದ ವಯನಾಡಿನಲ್ಲಿ ಕಾಣಿಸಿಕೊಂಡಿತು. ಅದಕ್ಕೆ ಔಷಧಿಯಿಲ್ಲ. ಮುಸುರೆ ಹಾಕುವುದಾದರೆ ಚೆನ್ನಾಗಿ ಕುದಿಸಿ ಹಾಕಿ ಎನ್ನುತ್ತಾರೆ ಪಶುವೈದ್ಯರು. ಮಾತು ಸರಿಯೇ. ಆದರೆ ಇಲ್ಲಿ ಹಂದಿ ಸಾಕುವವರಲ್ಲಿ ಅನೇಕರು ಹಂದಿಯ ಹೆಸರಿನಲ್ಲೇ ಊರಿನಿಂದ ಆಚೆ ಇರಿಸಲ್ಪಟ್ಟ ಜಾತಿಗಳವರು. ಬೆಂಗಳೂರಿನ ಹೋಟೆಲುಗಳ ಹಿಂಬಾಗಿಲಿನಿಂದ ಅವರು ಡ್ರಮ್ಮುಗಟ್ಟಲೆ ಮುಸುರೆ ಸಾಗಿಸದಿದ್ದರೆ ಅದು ಕಸದ ಲಾರಿಗೆ ಸೇರುತ್ತಿತ್ತು. ಆ ಕೆಲಸಕ್ಕೆ ಲೆಕ್ಕವೂ ಇಲ್ಲ, ಹೆಸರೂ ಇಲ್ಲ.

ಕಳೆದ ವರ್ಷ ನಗರದಂಚಿನ ಒಂದು ಹಂದಿಗೂಡಿನಲ್ಲಿ ಕೂತು, ಕುದಿಸುವ ವಿಚಾರವನ್ನೇ ಕೇಳುತ್ತಿದ್ದೆ. ಮನೆಯ ಹಿರಿಯಾಕೆ ಇನ್ನೂರು ಲೀಟರಿನ ಎರಡು ಡ್ರಮ್ಮು ತೋರಿಸಿದರು. ಒಂದರ ತುಂಬ ಸಾಂಬಾರು, ಅನ್ನ, ಮೂಳೆ.

"ದಿನಾ ಇಷ್ಟು ಬರ್ತದೆ. ಕುದಿಸಬೇಕು ಅಂತ ನಮಗೂ ಗೊತ್ತು ಕಣಮ್ಮ. ಸೌದೆ ಯಾರು ಕೊಡ್ತಾರೆ, ಅದನ್ನೂ ಬರ್ಕೊ."

ಬರೆದುಕೊಂಡೆ.