ಬೆಳಿಗ್ಗೆ ಮೀನು ಬಾಯಿ ತೆಗೆದ್ರೆ ಸುಣ್ಣದ ಚೀಲಕ್ಕೆ ಕೈ ಹಾಕೋ ಮುಂಚೆ

ನಮ್ಮ ಮಾಡದಕೆರೆ ಹೋಬಳಿಲಿ ಕೃಷಿ ಹೊಂಡಕ್ಕೆ ಮೀನು ಬಿಟ್ಟಿರೋರಿಗಾಗಿ ಇದನ್ನ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ. ಬೇಸಿಗೆಲಿ ಬೋರಿನ ನೀರಲ್ಲೇ ಹೊಂಡ ತುಂಬಿಸ್ಕೊಂಡಿರೋರು ಪೂರ್ತಿ ಓದಲೇಬೇಕು.

ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ಹೊಲದವರ ಹೊಂಡದಲ್ಲಿ ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ವು. 12 ಮೀಟರ್ ಹೊಂಡ, ಕಾಟ್ಲಾ, ರೋಹು, ಗೆಂಡೆ ಸೇರಿ ಮುಕ್ಕಾಲು ಕೆಜಿ ತೂಗೋ ಹೊತ್ತು. ಯಾರೋ ಫೋನಲ್ಲಿ "ನೀರು ಕೆಟ್ಟೈತೆ, ಸುಣ್ಣ ಹೊಡಿ" ಅಂದ್ರಂತೆ. ಸುಟ್ಟ ಸುಣ್ಣದ ಪುಡಿ ಒಂದು ಚೀಲ ಕದಡಿ ಬಿಟ್ರು. ಮಧ್ಯಾಹ್ನ ಎರಡರ ಹೊತ್ತಿಗೆ ಹೊಂಡದ ತುಂಬ ಬೆಳ್ಳಗೆ ಹೊಟ್ಟೆ ಮೇಲಾಗಿತ್ತು. ಮಗಳ ಕಾಲೇಜಿನ ಫೀಸಿಗೆ ಅಂತ ಇಟ್ಟ ಬೆಳೆ ಅದು. ಸಂಜೆ ತೆಂಗಿನ ಬುಡಕ್ಕೆ ಹೂತಿದ್ದನ್ನ ನಾನೇ ನಿಂತು ನೋಡಿದೀನಿ.

ಸುಣ್ಣದ ಸಲಹೆ ಸುಳ್ಳಲ್ಲ. ಮಲೆನಾಡು, ಕರಾವಳಿ ಕಡೆ ಮಣ್ಣೂ ಹುಳಿ, ನೀರೂ ಮೆದು. ಅಲ್ಲಿ ಸುಣ್ಣ ಬೇಕೇ ಬೇಕು. ನಮ್ಮ ಬೋರಿನ ನೀರು ಎಂಥದು ಅನ್ನೋದಕ್ಕೆ ಡ್ರಿಪ್ ಪೈಪಿನ ತೂತು, ಸ್ನಾನದ ಹಂಡೆ ಸಾಕ್ಷಿ. ಆ ನೀರಿಗೆ ಮತ್ತೆ ಸುಟ್ಟ ಸುಣ್ಣ ಹಾಕಿದ್ರೆ ಏನಾಗುತ್ತೆ ಅನ್ನೋದು ಮುಂದೆ ಬರುತ್ತೆ.

ಎರಡು ವಾರ ಬಿಟ್ಟು ನಮ್ಮ ಹೊಂಡದಲ್ಲೂ ಅದೇ ಶುರುವಾಯ್ತು. ನಮ್ಮದು 21 ಮೀಟರಿನದು, ಆಗ ಎರಡು ಮೀಟರ್ ನೀರಿತ್ತು. ಪಕ್ಕದ ಹೊಂಡ ಕಣ್ಮುಂದೆ ಇದ್ದಿದ್ದರಿಂದ ಏನೂ ಹಾಕದೆ ಮೊದಲು ಅಳೆಯೋಣ ಅಂತ ತೀರ್ಮಾನ ಮಾಡಿದೆ. ಅಳೆಯೋಕೆ ಸಾಮಾನು ಸಿಕ್ಕಿದ್ದು ಬೆಂಗಳೂರಲ್ಲಿರೋ ನಮ್ಮಣ್ಣನ ಮಗನ ಹತ್ರ. ಅವನು ಮನೇಲಿ ಗಾಜಿನ ತೊಟ್ಟಿಲಿ ಉಪ್ಪುನೀರು ಮಾಡ್ಕೊಂಡು ಸಮುದ್ರದ ಮೀನು, ಹವಳ ಸಾಕ್ತಾನೆ. ಹುಚ್ಚು ಅಂತಿದ್ವಿ ನಾವು. ಆದ್ರೆ ನೀರಿನ ಲೆಕ್ಕ ಆ ಹುಡುಗನಿಗೆ ಗೊತ್ತಿರೋಷ್ಟು ನಮಗೆ ಗೊತ್ತಿಲ್ಲ. ಹವಳ ದಿನಾ ನೀರಿನಿಂದ ಕ್ಯಾಲ್ಸಿಯಂ ಮತ್ತು ಕ್ಷಾರ ಎಳ್ಕೊಳ್ಳುತ್ತಂತೆ, ಇವನು ಅಳೆದು ಅಳೆದು ವಾಪಸ್ ತುಂಬಿಸ್ತಾನೆ. ಎರಡೂ ಜಾಸ್ತಿಯಾದ್ರೆ ನೀರಲ್ಲೇ ಬಿಳಿ ಪುಡಿ ಆಗಿ ಕೂರುತ್ತೆ ಅಂದ. ನಮ್ಮ ಡ್ರಿಪ್ಪಿನ ಬಿಳಿ ಪುಡಿಯೂ ಅದೇ. ಅವನ ಹನಿ ಹಾಕೋ ಸಣ್ಣ ಬಾಟ್ಲಿಗಳು ನಮ್ಮ ಹೊಂಡಕ್ಕೂ ನಡೆಯುತ್ತೆ. ಅಮೋನಿಯಾಕ್ಕೆ ಮಾತ್ರ ಸಿಹಿನೀರಿನ ಬಣ್ಣದ ಪಟ್ಟಿ ನೋಡ್ಬೇಕು, ಗಡಸುತನಕ್ಕೆ ಸಿಹಿನೀರಿನ ಕಿಟ್ ಬೇರೆ ತಗೋಬೇಕು.

ಒಂದು ದಿನ ಪೂರ್ತಿ ಹೊಂಡದ ದಡದಲ್ಲೇ ಇದ್ದೆ. ಬೆಳಿಗ್ಗೆ ಐದೂವರೆಗೆ ಪಿಎಚ್ 8.3. ಮಧ್ಯಾಹ್ನ ಮೂರಕ್ಕೆ ಅದೇ ಜಾಗದಲ್ಲಿ 9.4. ಅಮೋನಿಯಾ ಎರಡೂ ಹೊತ್ತು ಹತ್ತತ್ರ ಲೀಟರಿಗೆ 1 ಮಿಲಿಗ್ರಾಂ ಬಣ್ಣ. ಒಂದೇ ಸಲ ಅಳೆದು "ಪಿಎಚ್ ಇಷ್ಟು" ಅನ್ನೋ ರಿಪೋರ್ಟ್ ನಂಬಬಾರದು ಅಂತ ಅವತ್ತೇ ಗೊತ್ತಾಗಿದ್ದು.

ಯಾಕೆ ಹಿಂಗೆ ಅಂದ್ರೆ, ನೀರು ಹಸಿರಾಗಿತ್ತು, ಮೊಣಕೈವರೆಗೆ ಕೈ ಮುಳುಗಿಸಿದ್ರೆ ಬೆರಳೇ ಕಾಣ್ತಿರಲಿಲ್ಲ. ಆ ಪಾಚಿ ಬಿಸಿಲಲ್ಲಿ ನೀರಿನ ಇಂಗಾಲದ ಡೈಆಕ್ಸೈಡ್ ಎಳ್ಕೊಂಡು ಆಮ್ಲಜನಕ ಬಿಡುತ್ತೆ, ಪಿಎಚ್ ಏರುತ್ತೆ. ರಾತ್ರಿ ಅದೇ ಪಾಚಿ ಆಮ್ಲಜನಕ ತಿನ್ನುತ್ತೆ, ಮೀನೂ ತಿನ್ನುತ್ತೆ, ತಳದ ಸಗಣಿ ಕೊಳೆಯೋಕೂ ಬೇಕು. ಬೆಳಗಿನ ಜಾವಕ್ಕೆ ಉಳಿಯೋದೇ ಕಡಿಮೆ. ಆದ್ದರಿಂದ ಜಾವದಲ್ಲಿ ಬಾಯಿ ಬಿಟ್ಟು, ಬಿಸಿಲೇರಿದ ಮೇಲೆ ಸರಿಹೋದ್ರೆ ಅದು ಉಸಿರಿನ ತೊಂದರೆ. ಮಧ್ಯಾಹ್ನ ಮೇವು ಮುಟ್ಟದೆ, ಗಿರಕಿ ಹೊಡೆದು ಎಗರಾಡಿದ್ರೆ ಅಮೋನಿಯಾ ಅನುಮಾನ. ನಮ್ಮಲ್ಲಿ ಎರಡೂ ಇತ್ತು.

ಅಮೋನಿಯಾದ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಕಿಟ್ ತೋರಿಸೋದು ಒಟ್ಟು ಅಮೋನಿಯಾ. ಅದರಲ್ಲಿ ವಿಷ ಆಗೋ ಭಾಗ ಎಷ್ಟು ಅನ್ನೋದು ಪಿಎಚ್ ಮೇಲೆ, ಸ್ವಲ್ಪ ಬಿಸಿ ಮೇಲೆ ನಿಂತಿರುತ್ತೆ. ಪಿಎಚ್ 7ರಲ್ಲಿ ನೂರಕ್ಕೆ ಒಂದು ಭಾಗವೂ ಇರಲ್ಲ. 8.3ರಲ್ಲಿ ಸುಮಾರು ಹತ್ತನೇ ಒಂದು. 9.4ರಲ್ಲಿ ಮೂರರಲ್ಲಿ ಎರಡು ಭಾಗ. ಅಂದ್ರೆ ಅದೇ ನೀರು, ಅದೇ 1 ಮಿಲಿಗ್ರಾಂ, ಬೆಳಿಗ್ಗೆ ಮೀನು ತಡ್ಕೊಳ್ಳುತ್ತೆ, ಮಧ್ಯಾಹ್ನ ಕಿವಿರು ಸುಡುತ್ತೆ. ಇದರ ಮೇಲೆ ಸುಟ್ಟ ಸುಣ್ಣ ಬಿದ್ರೆ ಪಿಎಚ್ 10 ದಾಟುತ್ತೆ, ಇರೋ ಅಮೋನಿಯಾ ಹೆಚ್ಚುಕಮ್ಮಿ ಅಷ್ಟೂ ವಿಷ. ಪಕ್ಕದ ಹೊಂಡದಲ್ಲಿ ಆದದ್ದು ಇದೇ ಅಂತ ನನ್ನ ಲೆಕ್ಕ. ಉಸಿರಿಗೆ ಒದ್ದಾಡ್ತಿದ್ದ ಮೀನಿಗೆ ಬಿಸಿಲಿನ ಹೊತ್ತಿಗೆ ಈ ಏಟು ಬಿತ್ತು.

ಮುಂದೆ ಹನಿ ಲೆಕ್ಕ. ಕ್ಷಾರೀಯತೆಗೆ 22 ಹನಿ ಬೇಕಾಯ್ತು, ಗಡಸುತನಕ್ಕೆ 9. ಒಂದು ಹನಿಗೆ ಲೀಟರಿಗೆ ಹತ್ತತ್ರ 18 ಮಿಲಿಗ್ರಾಂ. ಅಂದ್ರೆ ಸುಮಾರು 400 ಮತ್ತು 160. ಎರಡೂ ಹತ್ತಿರ ಇದ್ರೆ ಕ್ಯಾಲ್ಸಿಯಂ ಬ್ರೇಕ್ ಹಾಕುತ್ತೆ: ಪಿಎಚ್ ಏರ್ತಿದ್ದಂಗೆ ಸುಣ್ಣಕಲ್ಲಿನ ಪುಡಿ ಆಗಿ ಕೂತು ಏರಿಕೆ ತಡೆಯುತ್ತೆ. ಕ್ಷಾರ ಜಾಸ್ತಿ, ಗಡಸು ಕಡಿಮೆ ಇದ್ರೆ ಅದು ಸೋಡಾ ನೀರು, ಬ್ರೇಕ್ ಇಲ್ಲ. ಇಂಥ ನೀರಲ್ಲೇ ಫ್ಲೋರೈಡ್ ಕೂಡ ಹೆಚ್ಚಿರೋದು, ಯಾಕಂದ್ರೆ ಅದನ್ನ ಕಟ್ಟಿ ಕೂರಿಸೋಕೆ ಕ್ಯಾಲ್ಸಿಯಂ ಸಾಲಲ್ಲ. ಚಿತ್ರದುರ್ಗ ಜಿಲ್ಲೆಯ ನಮಗೆ ಫ್ಲೋರೈಡ್ ಹೊಸ ಮಾತಲ್ಲ. ಕುಡಿಯೋಕೂ ಅದೇ ಬೋರು ಬಳಸೋರು ನೀರನ್ನ ಲ್ಯಾಬಿಗೆ ಕಳಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಕುಡಿಯೋ ಹಂಗಿಲ್ಲ.

ನಾವು ಮಾಡಿದ್ದು ಇಷ್ಟು. ಮೊದಲು ಮೇವು, ಸಗಣಿ ಎರಡೂ ನಿಲ್ಲಿಸಿದ್ವಿ. ಉಸಿರಿಗೆ ಮೋಟಾರ್ ಇಟ್ಟು ಹೊಂಡದ ನೀರನ್ನೇ ಎತ್ತಿ ತೂತು ಹಾಕಿದ ತಗಡಿನ ಮೇಲೆ ಬೀಳಿಸಿದ್ವಿ, ರಾತ್ರಿ ಎರಡರಿಂದ ಬೆಳಕಾಗೋವರೆಗೆ. (ತ್ರೀಫೇಸ್ ಯಾವಾಗ ಬರುತ್ತೆ ಅಂತ ಕಾಯೋದು ಬೇರೆ ಪುರಾಣ. ಸಿಂಗಲ್ ಫೇಸಿನ ಅರ್ಧ ಎಚ್‌ಪಿ ಪಂಪ್ ಸಾಕಾಯ್ತು.) ಮೂರನೇ ಒಂದು ಭಾಗ ಹಸಿರು ನೀರನ್ನ ತೆಂಗಿಗೆ ಬಿಟ್ಟು, ಬೋರಿನ ನೀರನ್ನ ಹಗಲಲ್ಲಿ ಕಲ್ಲುಚಪ್ಪಡಿ ಮೇಲೆ ಹೊಡೆಸಿ ನಿಧಾನಕ್ಕೆ ತುಂಬಿಸಿದ್ವಿ. ಬೋರಿಂದ ಆಗ ತಾನೇ ಬಂದ ನೀರಲ್ಲಿ ಆಮ್ಲಜನಕ ಇಲ್ಲದಷ್ಟು ಕಡಿಮೆ. ಪೈಪ್ ನೇರ ಹೊಂಡದೊಳಗೆ ಮುಳುಗಿಸಿಟ್ರೆ ಇರೋ ಉಸಿರೂ ಹೋಗುತ್ತೆ. ಇನ್ನೊಂದು, ಪೈಪಿನ ಬಾಯಲ್ಲಿ 7.2 ಇದ್ದ ಪಿಎಚ್ ಬಕೆಟಲ್ಲಿ ಒಂದು ರಾತ್ರಿ ಇಟ್ರೆ 8.3 ಆಗಿತ್ತು. ಒಳಗಿನ ಗಾಳಿ ಹಾರಿಹೋಗುತ್ತೆ, ಸೋಡಾ ಬಾಟ್ಲಿ ತೆಗೆದಿಟ್ಟಂಗೆ. ಆದ್ದರಿಂದ ಪಿಎಚ್ ಸ್ಥಳದಲ್ಲೇ ನೋಡ್ಬೇಕು.

ಕೊನೆಗೆ ಜಿಪ್ಸಂ. ಶೇಂಗಾಕ್ಕೆ ಹಾಕೋದೇ. ಅದು ಕ್ಯಾಲ್ಸಿಯಂ ಕೊಡುತ್ತೆ, ಪಿಎಚ್ ಏರಿಸಲ್ಲ. ಗಡಸುತನ 100 ಏರಿಸೋಕೆ ಸಾವಿರ ಲೀಟರಿಗೆ 170 ಗ್ರಾಂ ಚಿಲ್ಲರೆ. ನಮ್ಮ ಹೊಂಡದಲ್ಲಿ ಇಳಿಜಾರು ಕಳೆದು ಸುಮಾರು 5.8 ಲಕ್ಷ ಲೀಟರ್, ಅಂದ್ರೆ 100 ಕೆಜಿ. ಎರಡು ಚೀಲ, ನಾಲ್ಕು ದಿನಕ್ಕೆ ಹಂಚಿ ಕದಡಿ ಎರಚಿದ್ವಿ. ಹತ್ತು ದಿನಕ್ಕೆ ಮಧ್ಯಾಹ್ನದ ಪಿಎಚ್ 8.9ಕ್ಕೆ ಇಳೀತು. ಜಿಪ್ಸಂದೋ, ಮೇವು ನಿಲ್ಲಿಸಿದ್ದರದೋ ಅಂತ ಬಿಡಿಸಿ ಹೇಳೋಕಾಗಲ್ಲ, ಎರಡೂ ಸೇರಿ ಇರ್ಬೇಕು. ನಲವತ್ತು ಚಿಲ್ಲರೆ ಮೀನು ಹೋದ್ವು, ಉಳಿದವು ಉಳಿದ್ವು. ನಿಮ್ಮಲ್ಲಿ ಗಡಸುತನವೇ ಜಾಸ್ತಿ ಇದ್ರೆ ಜಿಪ್ಸಂ ದಂಡ, ಹಾಕ್ಬೇಡಿ.

2014ರಲ್ಲಿ ಕೃಷಿ ಭಾಗ್ಯ ಶುರುವಾದಾಗ ಹೊಂಡ ತೋಡಿಸಿದ್ದು ಮಳೆನೀರು ಹಿಡಿಯೋಕೆ. 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದ ವರ್ಷ ನಮ್ಮ ಹೊಂಡ ಬರೀ ಮಳೆನೀರಲ್ಲೇ ತುಂಬಿತ್ತು, ಮೀನು ಒಂದು ದಿನವೂ ಬಾಯಿ ಬಿಡಲಿಲ್ಲ. ಮಳೆನೀರಲ್ಲಿ ಕ್ಷಾರ ಇಲ್ಲ ಅನ್ನೋಷ್ಟು ಕಡಿಮೆ.

ಈಗ ಎರಡು ಹದ ಮಳೆ ಆಗಿದೆ. ನಿನ್ನೆ ಕ್ಷಾರೀಯತೆ 17 ಹನಿ, ಮಧ್ಯಾಹ್ನ ಪಿಎಚ್ 8.6. ಹಸಿರು ನೀರು ಒಂದೇ ರಾತ್ರಿಗೆ ಕಂದು ಬಣ್ಣಕ್ಕೆ ತಿರುಗಿದ್ರೆ ಪಾಚಿ ಸತ್ತಿದೆ ಅಂತ ಅರ್ಥ, ಅವತ್ತು ಮೇವು ಹಾಕದೆ ನೀರು ಚಿಮ್ಮಿಸೋಕೆ ಶುರು ಮಾಡಿ. ಕಿಟ್‌ನಲ್ಲಿ ಇನ್ನೂ ಹತ್ತಿಪ್ಪತ್ತು ಸಲಕ್ಕಾಗೋಷ್ಟು ಇದೆ. ಹತ್ತಿರದ ಊರಿನೋರು ಹೇಳಿ, ನಾನೇ ಬಂದು ನೋಡಿಕೊಡ್ತೀನಿ. ಬೆಳಿಗ್ಗೆ ಐದಕ್ಕೊಂದು ಸಲ, ಮಧ್ಯಾಹ್ನ ಮೂರಕ್ಕೊಂದು ಸಲ. ಐದಕ್ಕೆ ನೀವು ಎದ್ದಿರ್ಬೇಕು, ನಾಯಿ ಕಟ್ಟಿರ್ಬೇಕು.