ನಾನು ಕಂಡ ವೇಷದ ಜಾತ್ರೆ

ಹೋದ ಸಂಚಿಕೆಯಲ್ಲಿ ಬೇಲೂರು, ಹಳೇಬೀಡಿನ ಪ್ರವಾಸದ ಬಗ್ಗೆ ನಾಲ್ಕು ಜನ ಬರೆದಿದ್ದರು. ನಾನು ಬರೆಯುವುದು ಒಂದು ಜಾತ್ರೆಯ ಬಗ್ಗೆ. ಅಲ್ಲಿ ದೇವರೂ ಇಲ್ಲ, ತೇರೂ ಇಲ್ಲ. ವೇಷ ಮಾತ್ರ ಬೇಕಾದಷ್ಟು.

ನಾವು ಟೀವಿಯಲ್ಲಿ ಹಿಂದಿಯಲ್ಲಿ ನೋಡುವ ಡೋರೆಮಾನ್, ಶಿನ್‌ಚಾನ್ ಇವೆಲ್ಲ ಜಪಾನಿನವು. ಅಂಥ ಓಡಾಡುವ ಚಿತ್ರಗಳಿಗೆ ಅನಿಮೆ ಅಂತಾರೆ. ಪುಸ್ತಕದಲ್ಲಿ ಬಂದರೆ ಅದು ಮಾಂಗಾ. ನನಗೆ ಈ ಹುಚ್ಚು ಹಿಡಿಸಿದವನು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ದೊಡ್ಡಪ್ಪನ ಮಗ, ನನ್ನ ಅಣ್ಣ. ಊರಿಗೆ ಬಂದಾಗ ಮೊಬೈಲಿನಲ್ಲಿ 'ಡೀಮನ್ ಸ್ಲೇಯರ್' ತೋರಿಸಿದ. ಇದನ್ನು ಮಾಂಗಾ ಆಗಿ ಬರೆದವರು ಕೊಯೊಹಾರು ಗೊತೊಗೆ. 2016ರಿಂದ 2020ರವರೆಗೆ ಜಪಾನಿನ ವಾರಪತ್ರಿಕೆಯೊಂದರಲ್ಲಿ ಬಂತು. ಇದರ ನಾಯಕ ತಾಂಜಿರೊ ರಾಜಕುಮಾರನಲ್ಲ, ಬೆಟ್ಟದಿಂದ ಇಳಿದು ಬಂದು ಇದ್ದಿಲು ಮಾರುವ ಹುಡುಗ. ರಕ್ಕಸನೊಬ್ಬ ಅವನ ಮನೆಯವರನ್ನು ಕೊಲ್ಲುತ್ತಾನೆ. ಉಳಿದ ಒಬ್ಬಳೇ ತಂಗಿ ನೆಜುಕೊ ತಾನೂ ರಕ್ಕಸಿಯಾಗಿಬಿಡುತ್ತಾಳೆ. ಅವಳನ್ನು ಮತ್ತೆ ಮನುಷ್ಯಳನ್ನಾಗಿ ಮಾಡಬೇಕೆಂದು ಮರದ ಪೆಟ್ಟಿಗೆಯಲ್ಲಿಟ್ಟು ಬೆನ್ನ ಮೇಲೆ ಹೊತ್ತು ತಿರುಗುತ್ತಾನೆ. (ನಾನೂ ನನ್ನ ತಮ್ಮನನ್ನು ಹೊತ್ತು ತಿರುಗಿದವಳೇ. ಅದಕ್ಕೇ ಇಷ್ಟವಾಯಿತೋ ಏನೋ.)

2025ರ ಜನವರಿ, ಸಂಕ್ರಾಂತಿ ಆದ ವಾರ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಕಾಮಿಕ್ ಕಾನ್ ಇತ್ತು. ಇದು 2011ರಲ್ಲಿ ದೆಹಲಿಯಲ್ಲಿ ಶುರುವಾಗಿ 2012ರಲ್ಲಿ ಬೆಂಗಳೂರಿಗೂ ಬಂತು. ಆಗ ನಾನು ಆರನೇ ತರಗತಿ. ಟಿಕೆಟ್ಟಿನ ದುಡ್ಡು ನಂದು, ವೇಷ ನಿಂದು ಅಂದ ಅಣ್ಣ.

ನಾನು ತಾಂಜಿರೊ ಆಗ್ತೀನಿ ಅಂದಾಗ ಅಪ್ಪ ಊಟದ ತಟ್ಟೆಯಿಂದ ತಲೆ ಎತ್ತಿದರು. "ಹೆಣ್ಮಗು ಗಂಡಿನ ವೇಷ ಹಾಕ್ಕೊಂಡು ಅಷ್ಟು ಜನದ ಮಧ್ಯೆ ತಿರುಗೋದಾ? ನಾಳೆ ನೆಂಟರು ನೋಡಿದ್ರೆ ಏನಂತಾರೆ? ಹೋಗೋದೇ ಬೇಡ" ಅಂದರು. ಅಮ್ಮ ಏನೂ ಅನ್ನಲಿಲ್ಲ. ನನಗೆ ಅಳು ಬಂದು ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಆಗ ತಾತ ಮಾತಾಡಿದರು. ನಿಮಗೆಲ್ಲ ಗೊತ್ತಿರಬಹುದು, ನಮ್ಮ ತಾತ ಮೂಡಲಪಾಯದ ಆಟದಲ್ಲಿ ಸ್ತ್ರೀವೇಷ ಕಟ್ಟುತ್ತಿದ್ದವರು. "ಇಪ್ಪತ್ತು ವರ್ಷ ನಾನು ದ್ರೌಪದಿ ಆಗಿದ್ದೆ. ಯಾವ ನೆಂಟ ಏನಂದ?" ಅಂದರು. ಒಲೆ ಹತ್ತಿರ ಕೂತಿದ್ದ ಅಜ್ಜಿ, "ಅಂದ್ರು. ನಿಮ್ಮ ಮುಂದೆ ಅನ್ನಲಿಲ್ಲ ಅಷ್ಟೆ. ನಿನ್ನ ಗಂಡನ ಸೀರೆ ಯಾರು ಒಗೀತಾರೆ ಅಂತ ಕೆರೆ ಹತ್ರ ನನ್ನ ಕೇಳ್ತಿದ್ರು" ಅಂದರು. ತಾತನಿಗೆ ಇದು ಆವತ್ತೇ ಗೊತ್ತಾದದ್ದು ಅಂತ ಕಾಣುತ್ತೆ. ಸುಮ್ಮನಾದರು. "ನೀನೇನಂದೆ?" ಅಂತ ಕೇಳಿದರು. "ನಾನೇ ಒಗೀತೀನಿ ಅಂದೆ" ಅಂದರು ಅಜ್ಜಿ. ಅಪ್ಪ ಕೈ ತೊಳೆದು ಎದ್ದು ಹೋದರು. ಬೆಳಿಗ್ಗೆ, "ಅಣ್ಣನ ಕೈ ಬಿಡಬಾರದು" ಅಂತ ಮಾತ್ರ ಹೇಳಿದರು.

ಅಮ್ಮ ಹಳೇ ಹಸಿರು ಲಂಗ ಬಿಚ್ಚಿ ಮೇಲಂಗಿ ಹೊಲಿದರು. ಅದರ ಮೇಲೆ ಕಪ್ಪು ಬಣ್ಣದ ಚೌಕ ಹಾಕಲು ನನಗೆ ಮೂರು ಸಂಜೆ ಹಿಡಿಯಿತು. ಲಗ್ನಪತ್ರಿಕೆಯ ರಟ್ಟಿನಿಂದ ಸೂರ್ಯನ ಚಿತ್ರದ ಓಲೆ ಮಾಡಿದೆ. ಫ್ಯಾನಿನ ಡಬ್ಬದ ರಟ್ಟೇ ಕತ್ತಿಯಾಯಿತು. ಹಣೆಯ ಕಲೆಗೆ ಕುಂಕುಮ ಕೊಬ್ಬರಿ ಎಣ್ಣೆ ಕಲಸಿದರೆ ಸಾಕು, ಬೆವರಿಗೆ ಇಳಿಯಲ್ಲ ಅಂತ ಹೇಳಿಕೊಟ್ಟವರು ತಾತ. ಇಳಿಯಲೂ ಇಲ್ಲ.

ಬೆಳಗಿನ ರೈಲಿಗೆ ಹೋಗಿ ಮೆಜೆಸ್ಟಿಕ್ಕಿನಲ್ಲಿ ಮೆಟ್ರೊ ಹತ್ತಿದೆವು. ಮೇಲಂಗಿ ಚೀಲದಲ್ಲೇ ಇತ್ತು, ನಾಚಿಕೆ. ವೈಟ್‌ಫೀಲ್ಡ್ ಹತ್ತಿರ ಬಂದ ಹಾಗೆ ಡಬ್ಬಿಯೊಳಗೆ ಬಣ್ಣಬಣ್ಣದ ಕೂದಲಿನವರು ಹತ್ತತೊಡಗಿದರು. ಒಬ್ಬನ ಹಣೆಗೆ ನರುಟೊ ಪಟ್ಟಿ. ಇನ್ನೊಬ್ಬನ ತಲೆ ಮೇಲೆ ಲೂಫಿಯ ಹುಲ್ಲಿನ ಟೋಪಿ. ಕೂತಿದ್ದ ಅಜ್ಜಿಯೊಬ್ಬರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾನು ಅಲ್ಲೇ ಮೇಲಂಗಿ ಹಾಕಿಕೊಂಡೆ.

ಒಳಗಿನ ಗದ್ದಲ ಬರೆದು ಮುಗಿಯಲ್ಲ. ಇಂಗ್ಲಿಷ್ ಸಿನಿಮಾದ ಸ್ಪೈಡರ್‌ಮ್ಯಾನ್‌ಗಳೂ ಇದ್ದರು, ಅವರ ಕಡೆ ನಾನು ಹೆಚ್ಚು ನೋಡಲಿಲ್ಲ. ಯಾರೋ "ತಾಂಜಿರೊ!" ಅಂತ ಕೂಗಿದರು. ತಿರುಗಿದರೆ ಬಾಯಲ್ಲಿ ಬಿದಿರಿನ ತುಂಡು ಕಟ್ಟಿಕೊಂಡ ನೆಜುಕೊ! ಕಾಲೇಜು ಓದುವ ಅಕ್ಕ. ಅವರು ನನ್ನ ಬೆನ್ನ ಹಿಂದೆ ಪೆಟ್ಟಿಗೆಯಲ್ಲಿದ್ದ ಹಾಗೆ ಮುದುಡಿ ಕೂತರು, ಅಣ್ಣ ಫೋಟೊ ತೆಗೆದ. ಮೊದಲು ಇಂಗ್ಲಿಷಿನಲ್ಲಿ ಏನೋ ಕೇಳಿದರು. ನಾನು ಅಣ್ಣನ ಮುಖ ನೋಡಿದಾಗ ಬಿದಿರು ತೆಗೆದು, "ಕೋಟು ಎಲ್ಲಿ ತಗೊಂಡೆ ಪುಟ್ಟಾ?" ಅಂದರು. "ನಮ್ಮಮ್ಮ ಹೊಲಿದದ್ದು" ಅಂದೆ. "ನಂದು ಆನ್‌ಲೈನು, ನಿಂದೇ ಚೆನ್ನಾಗಿದೆ" ಅಂದರು. ನೀನು ಹುಡುಗಿ ಅಲ್ವಾ ಅಂತ ಆ ಇಡೀ ದಿನ ಒಬ್ಬರೂ ಕೇಳಲಿಲ್ಲ.

ಊರಿಗೆ ಬಂದ ಮೇಲೆ ತಾತ ಜಗಲಿ ಮೇಲೆ ಕೂರಿಸಿಕೊಂಡು ಎಲ್ಲ ಕೇಳಿದರು. ಹೀಗೆ ವೇಷ ಹಾಕುವುದಕ್ಕೆ ಕಾಸ್‌ಪ್ಲೇ ಅಂತಾರೆ, ಕಾಸ್ಟ್ಯೂಮ್ ಅಂದರೆ ವೇಷದ ಬಟ್ಟೆ, ಪ್ಲೇ ಅಂದರೆ ಆಟ, ಎರಡನ್ನೂ ಸೇರಿಸಿ 1980ರ ದಶಕದಲ್ಲಿ ಜಪಾನಿನವರು ಮಾಡಿದ ಪದ ಅಂತ ಅಣ್ಣ ಹೇಳಿದ್ದನ್ನೇ ಒಪ್ಪಿಸಿದೆ. "ವೇಷ ಆಯ್ತು. ಆಟ ಯಾವುದು ಆಡಿದ್ರು?" ಅಂದರು. ವೇದಿಕೆ ಮೇಲೆ ಸ್ಪರ್ಧೆ ಇತ್ತು, ಒಬ್ಬೊಬ್ಬರೇ ಬಂದು ಒಂದು ಭಂಗಿ, ಒಂದು ಮಾತು, ಹೋಗೋದು ಅಂದೆ. "ಅಷ್ಟಕ್ಕೆ ಬಣ್ಣ ಬಳ್ಕೊಂಡ್ರಾ? ನಮಗೆ ಒಡ್ಡೋಲಗಕ್ಕೇ ಅರ್ಧ ಗಂಟೆ ಬೇಕಿತ್ತು ಕಣಮ್ಮಿ" ಅಂದರು. ಅದು ನಿಜವೇ. ಕತೆ ಎಲ್ಲರಿಗೂ ಗೊತ್ತು ಅಂದುಕೊಂಡು ಯಾರೂ ಕತೆ ಹೇಳಲೇ ಇಲ್ಲ. ಆದರೆ ಬಯಲಾಟದಲ್ಲಿ ವೇಷದವರು ಮೇಲೆ, ನೋಡುವವರು ಕೆಳಗೆ. ಇಲ್ಲಿ ನೋಡಲು ಬಂದವರೇ ವೇಷದವರು. ತಾತನಿಗೆ ಇದು ಅಷ್ಟಾಗಿ ಒಪ್ಪಿಗೆಯಾಗಲಿಲ್ಲ.

ಜಪಾನಿನವರಿಗೆ ನಮ್ಮ ಕತೆ ಗೊತ್ತಾ ಅಂತಲೂ ಕೇಳಿದರು. ಗೊತ್ತು. ಯುಗೊ ಸಾಕೊ ಎಂಬ ಜಪಾನಿನವರು ನಮ್ಮ ದೇಶದ ರಾಮ್ ಮೋಹನ್ ಮೊದಲಾದವರ ಜೊತೆ ಸೇರಿ 1992ರಲ್ಲಿ ರಾಮಾಯಣವನ್ನು ಅನಿಮೆ ಮಾಡಿದ್ದಾರೆ. ಸುಮಾರು 450 ಕಲಾವಿದರು ಕೈಯಿಂದಲೇ ಬರೆದ ಚಿತ್ರಗಳು. ನಾನು ಹೋಗಿ ಬಂದ ಮುಂದಿನ ವಾರವೇ, 2025ರ ಜನವರಿ 24ರಂದು, ಅದು ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂತು. ಅಣ್ಣ ಕಳಿಸಿದ ತುಣುಕನ್ನು ತಾತನಿಗೆ ತೋರಿಸಿದೆ. ಎರಡು ಸಲ ನೋಡಿ, "ರಾವಣನಿಗೆ ಭುಜಕೀರ್ತಿ ಸಾಲದು" ಅಂದರು.

ಇನ್ನೊಂದು ವಿಷಯ. ಜಾತ್ರೆಯ ಒಂದು ಸಾಲಿನಲ್ಲಿ ತಾವೇ ಬರೆದ ಚಿತ್ರಕತೆ ಮಾರುವವರು ಇದ್ದರು. ಜಪಾನಿನಲ್ಲಿ ಇದಕ್ಕೇ ದೊಡ್ಡ ಸಂತೆ ಇದೆಯಂತೆ, ಹೆಸರು ಕಾಮಿಕೆಟ್. 1975ರ ಡಿಸೆಂಬರ್ 21ರಂದು ಟೋಕಿಯೊದಲ್ಲಿ ಶುರುವಾದಾಗ ಇದ್ದದ್ದು 32 ಗುಂಪು, ಸುಮಾರು 700 ಜನ. ಅದರಲ್ಲಿ ಶಾಲೆಗೆ ಹೋಗುವ ಹುಡುಗಿಯರೇ ಹೆಚ್ಚು. 2019ರ ಡಿಸೆಂಬರಿನಲ್ಲಿ ನಾಲ್ಕು ದಿನಕ್ಕೆ ಏಳೂವರೆ ಲಕ್ಷ ಜನ ಬಂದರಂತೆ.

ಮುಂದಿನ ಸಂಚಿಕೆಗೆ ನಾನು ತಾತನ ದ್ರೌಪದಿಯ ಕತೆಯನ್ನು ಚಿತ್ರದಲ್ಲಿ ಬರೆಯುತ್ತಿದ್ದೇನೆ. ಎರಡು ಡ್ರಾಯಿಂಗ್ ಹಾಳೆ ತುಂಬ ಬರುತ್ತದೆ, ಸಂಪಾದಕರು ಜಾಗ ಬಿಡಬೇಕು. ಕೆಂಪು ಸ್ಕೆಚ್ ಪೆನ್ ಮುಗಿದಿದೆ. ಯಾರ ಹತ್ತಿರವಾದರೂ ಇದ್ದರೆ ಕೊಡಿ, ಸೋಮವಾರ ವಾಪಸ್ ಕೊಡುತ್ತೇನೆ.