ಅರಸು ಮನೆತನಗಳೂ ನಮ್ಮ ಮಗ್ಗವೂ

ಮಧ್ಯಯುಗದ ಭಾರತದ ಇತಿಹಾಸವೆಂದರೆ ಶಾಲೆಯ ಮಕ್ಕಳಿಗೆ ಅರಸು ಮನೆತನಗಳ ಒಂದು ಉದ್ದನೆಯ ಪಟ್ಟಿ. ಚೋಳರು, ಪಾಂಡ್ಯರು, ಹೊಯ್ಸಳರು, ದೆಹಲಿಯ ಸುಲ್ತಾನರು, ವಿಜಯನಗರದವರು, ನಾಯಕರು. ಯಾರು ಯಾರನ್ನು ಯಾವ ವರ್ಷದಲ್ಲಿ ಸೋಲಿಸಿದರು ಎಂಬುದನ್ನು ಬಾಯಿಪಾಠ ಮಾಡಿದರೆ ಪರೀಕ್ಷೆ ದಾಟಬಹುದು. ಈ ಪಟ್ಟಿಯನ್ನು ನಾನು ಬಹುಕಾಲ ತಮಿಳಿನಲ್ಲಿ ಬೋಧಿಸಿದೆನು. ಸಂಜೆ ಮನೆಗೆ ಬಂದರೆ ಮಾತು ಕನ್ನಡ. ಚಿನ್ನಾಳಪಟ್ಟಿಯ ದೇವಾಂಗರ ಬೀದಿಗಳಲ್ಲಿ ಬೆಳೆದವರಿಗೆ ಇದು ಹೊಸ ಸಂಗತಿಯಲ್ಲ. ಅಕ್ಷರ ಒಂದು ಭಾಷೆಯದು, ಅಡುಗೆಮನೆ ಇನ್ನೊಂದು ಭಾಷೆಯದು.

ನಮ್ಮ ಬೀದಿಯ ಹುಡುಗನೊಬ್ಬನು ತರಗತಿಯಲ್ಲಿ ಒಮ್ಮೆ ಎದ್ದುನಿಂತು, “ಸಾರ್, ಇವರಲ್ಲಿ ನಮ್ಮ ರಾಜರು ಯಾರು?” ಎಂದು ಕೇಳಿದನು. ಪಠ್ಯಪುಸ್ತಕದಲ್ಲಿ ಇಲ್ಲದ ಪ್ರಶ್ನೆ ಅದು. ಅದಕ್ಕೆ ಉತ್ತರ ಹುಡುಕುವುದೇ ಮುಂದೆ ನನ್ನ ಓದಿನ ದಾರಿಯಾಯಿತು.

ಉತ್ತರಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ಸಮಯಪುರದ ಮಾರಿಯಮ್ಮನ ದರ್ಶನಕ್ಕೆ ನಮ್ಮವರಲ್ಲಿ ಅನೇಕರು ಹೋಗಿಬರುತ್ತಾರೆ. ಅಲ್ಲಿಯ ಕಣ್ಣನೂರು 13ನೆಯ ಶತಮಾನದಲ್ಲಿ ಹೊಯ್ಸಳರ ದಕ್ಷಿಣದ ನೆಲೆವೀಡಾಗಿತ್ತು. ಇಮ್ಮಡಿ ನರಸಿಂಹನು 1231ರಲ್ಲಿ ಕೊಪ್ಪೆರುಂಜಿಂಗನ ಸೆರೆಯಿಂದ ಚೋಳ ದೊರೆ ಮೂರನೆಯ ರಾಜರಾಜನನ್ನು ಬಿಡಿಸಿ, ಚೋಳರಾಜ್ಯ ಪ್ರತಿಷ್ಠಾಚಾರ್ಯನೆಂಬ ಬಿರುದನ್ನು ಧರಿಸಿದನು. ಅವನ ಮಗ ವೀರ ಸೋಮೇಶ್ವರನು ಕಣ್ಣನೂರಿನಲ್ಲಿಯೇ ನೆಲೆಸಿದಾಗ ಆ ಊರಿಗೆ ವಿಕ್ರಮಪುರವೆಂಬ ಹೆಸರಾಯಿತು. ಅವನ ತರುವಾಯ ರಾಜ್ಯವು ಇಬ್ಬರು ಮಕ್ಕಳಿಗೆ ಹಂಚಿಹೋಯಿತು. ದೋರಸಮುದ್ರ ಮೂರನೆಯ ನರಸಿಂಹನ ಪಾಲಾದರೆ, ತಮಿಳು ಸೀಮೆ ರಾಮನಾಥನ ಪಾಲಾಯಿತು.

ಆ ವೈಭವ ಉಳಿಯಲಿಲ್ಲ. 1311ರಲ್ಲಿ ಮಲಿಕ್ ಕಾಫರನ ಸೇನೆ ದೋರಸಮುದ್ರವನ್ನೂ ಮಧುರೆಯನ್ನೂ ತುಳಿದುಹೋಯಿತು. 1335ರ ಹೊತ್ತಿಗೆ ಮಧುರೆಯಲ್ಲಿ ಪ್ರತ್ಯೇಕ ಸುಲ್ತಾನರ ಆಳ್ವಿಕೆ ತಲೆಯೆತ್ತಿತು. ಅವರೊಡನೆ ಹೋರಾಡಿದ ವೃದ್ಧ ಮುಮ್ಮಡಿ ಬಲ್ಲಾಳನು 1342ರ ಸುಮಾರಿನಲ್ಲಿ ಸೆರೆಸಿಕ್ಕಿ ಹತನಾದನು. ಅವನ ಚರ್ಮಕ್ಕೆ ಹುಲ್ಲು ತುಂಬಿ ಮಧುರೆಯ ಕೋಟೆಗೋಡೆಗೆ ತೂಗುಹಾಕಿದ್ದನ್ನು ತಾನು ಕಂಡೆನೆಂದು ಪ್ರವಾಸಿ ಇಬ್ನ್ ಬತೂತಾ ಬರೆದಿದ್ದಾನೆ. ಮೂರು ದಶಕಗಳೊಳಗೆ ಮುಳುಬಾಗಿಲಿನಿಂದ ದಂಡೆತ್ತಿ ಬಂದ ಬುಕ್ಕರಾಯನ ಮಗ ಕುಮಾರ ಕಂಪಣನು ಮಧುರೆಯನ್ನು ಗೆದ್ದನು. ಅವನ ರಾಣಿ ಗಂಗಾದೇವಿ ಆ ವಿಜಯವನ್ನೇ ‘ಮಧುರಾವಿಜಯಂ’ ಎಂಬ ಸಂಸ್ಕೃತ ಕಾವ್ಯವಾಗಿಸಿದಳು.

ಇಲ್ಲಿಗೇ ನಿಲ್ಲಿಸಿದರೆ ಹುಡುಗನ ಎದೆ ಉಬ್ಬುತ್ತದೆ. ಆದರೆ ಇತಿಹಾಸದ ಮೇಷ್ಟರಾದವರು ಮುಂದಿನ ಪುಟವನ್ನೂ ತಿರುವಲೇಬೇಕು. 1656ರ ಸುಮಾರಿನಲ್ಲಿ, ತಿರುಮಲ ನಾಯಕನ ಕೊನೆಗಾಲದಲ್ಲಿ, ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೇನೆ ಮಧುರೆಯ ಸೀಮೆಗೆ ನುಗ್ಗಿತು. ಸಿಕ್ಕಸಿಕ್ಕವರ ಮೂಗು ಕೊಯ್ಯುತ್ತ ಬಂದ ಆ ದಂಡಿನ ಮಾತು ಕನ್ನಡವೇ ಆಗಿತ್ತು. ಮಧುರೆಯವರು ಮರಳಿ ಮೈಸೂರು ಸೀಮೆಗೆ ನುಗ್ಗಿ ಅದೇ ರೀತಿಯಲ್ಲಿ ಸೇಡು ತೀರಿಸಿಕೊಂಡರು. ನೂರು ವರ್ಷಗಳ ನಂತರ, 1755ರಲ್ಲಿ, ನಮ್ಮ ಊರಿಗೆ ಸಮೀಪದ ದಿಂಡಿಗಲ್ಲಿಗೆ ಮೈಸೂರಿನಿಂದ ಫೌಜುದಾರನಾಗಿ ಬಂದವನು ಹೈದರ್ ಅಲಿ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ದಿಂಡಿಗಲ್ಲು ಇಂಗ್ಲಿಷ್ ಕಂಪನಿಯ ಕೈಸೇರಿತು. ತೂಗುಹಾಕಿದ ಚರ್ಮ ನಮ್ಮವನದೆಂದು ಮರುಗುವವರು ಕೊಯ್ದ ಮೂಗುಗಳ ಲೆಕ್ಕವನ್ನು ಯಾರ ತಲೆಗೆ ಕಟ್ಟುವುದು? ಅರಸರ ಕೀರ್ತಿಯನ್ನು ನಮ್ಮದೆನ್ನುವುದಾದರೆ ಅವರ ಕ್ರೌರ್ಯವನ್ನೂ ನಮ್ಮದೆನ್ನಬೇಕಾಗುತ್ತದೆ.

ಹಾಗಾದರೆ ಈ ಚರಿತ್ರೆಯಲ್ಲಿ ನಮ್ಮ ಪೂರ್ವಿಕರು ಎಲ್ಲಿದ್ದರು? ವಿಜಯನಗರದ ಮತ್ತು ಮಧುರೆಯ ನಾಯಕರ ಕಾಲದಲ್ಲಿ ಉತ್ತರದಿಂದ ಜನರು ತಂಡತಂಡವಾಗಿ ಇತ್ತ ಬಂದು ನೆಲೆಸಿದರು. ನೇಯುವ ದೇವಾಂಗರು, ಕಂಬಂ ಕಣಿವೆಯಲ್ಲಿ ಉಳುವ ಒಕ್ಕಲಿಗರು, ಕಪ್ಪಿಲಿಯರು, ಅನುಪ್ಪರು ಕನ್ನಡದವರು, ಕಂಬಳತ್ತಾರರು ತೆಲುಗಿನವರು, ಮಧುರೆಯ ಪಟ್ಟುನೂಲುಕಾರರು ಸೌರಾಷ್ಟ್ರದ ಮಾತಿನವರು. ಇವರ ಹೆಸರುಗಳನ್ನು ಯಾವ ಕವಿಯೂ ಕಾವ್ಯವಾಗಿಸಲಿಲ್ಲ. ತಮಿಳು ನಾಡಿನ ಶಾಸನಗಳಲ್ಲಿ ‘ತರಿ ಇರೈ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ತರಿಯೆಂದರೆ ಮಗ್ಗ, ಅದು ಮಗ್ಗದ ಮೇಲಿನ ತೆರಿಗೆ. ಅರಸರ ಕಡತದಲ್ಲಿ ನೇಕಾರನು ಇದ್ದುದು ಹೀಗೆ, ಎಣಿಸಿದ ಮಗ್ಗದ ರೂಪದಲ್ಲಿ. ಆಳುವ ಮನೆತನ ಬದಲಾದಾಗ ತೆರಿಗೆ ಪಡೆಯುವ ಕೈ ಬದಲಾಯಿತು. ಲಾಳಿ ಮಾತ್ರ ಎಂದಿನಂತೆ ಓಡುತ್ತಲೇ ಇತ್ತು.

ನನ್ನ ಓದಿನಿಂದ ನಾನು ಕಂಡುಕೊಂಡದ್ದು ಇಷ್ಟೇ. ಈ ನೆಲದಲ್ಲಿ ಹೊಯ್ಸಳರು ಶತಮಾನವೊಂದರಷ್ಟು ಕಾಲ ಇದ್ದರು. ಮೈಸೂರಿನವರು ದಿಂಡಿಗಲ್ಲಿನಲ್ಲಿ ಅದಕ್ಕಿಂತಲೂ ಕಡಿಮೆ ಕಾಲ ಇದ್ದರು. ಅವರೆಲ್ಲ ಹೋದರು. ಕನ್ನಡ ಉಳಿದದ್ದು ಆಳ್ವಿಕೆಯೇ ಇಲ್ಲದವರ ಮನೆಗಳಲ್ಲಿ. ಸೇನೆ, ಶಾಸನ, ಶಾಲೆ ಯಾವುದೂ ಇಲ್ಲದೆ ಅದನ್ನು ಕಾಪಾಡಿದವರು ಮಗ್ಗದ ಮುಂದೆ ಕುಳಿತ ಅಜ್ಜಂದಿರು, ನೂಲು ಸುತ್ತುತ್ತ ಮೊಮ್ಮಕ್ಕಳನ್ನು ಗದರಿದ ಅಜ್ಜಿಯರು, ಚೌಡೇಶ್ವರಿಯ ಹಬ್ಬಕ್ಕೆ ಕೂಡಿದ ನೆಂಟರಿಷ್ಟರು.

ಆ ಸರಪಳಿಯು ಈಗ ನಮ್ಮ ಕಣ್ಣೆದುರಿನಲ್ಲಿಯೇ ಸಡಿಲುತ್ತಿದೆ. ಕೈಮಗ್ಗಗಳು ಕಡಿಮೆಯಾದವು; ಮಕ್ಕಳು ತಿರುಪ್ಪೂರು, ಕೊಯಮತ್ತೂರು, ಬೆಂಗಳೂರುಗಳಿಗೆ ದುಡಿಯಲು ಹೋದರು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ನನ್ನ ಮೊಮ್ಮಗಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಇದರಲ್ಲಿ ತಮಿಳಿನ ತಪ್ಪೇನೂ ಇಲ್ಲ. ಆ ಭಾಷೆ ನಮಗೆ ಅಕ್ಷರವನ್ನೂ ಅನ್ನವನ್ನೂ ಕೊಟ್ಟಿತು. ಅದರ ಋಣ ನಮ್ಮ ಮೇಲಿದೆ. ಆದರೆ ಮಲಿಕ್ ಕಾಫರನ ದಂಡಿಗೂ ಕಂಪನಿಯ ತೋಪಿಗೂ ಜಗ್ಗದ ಮಾತು ನಮ್ಮ ಕಾಲದಲ್ಲಿ ನಿಂತುಹೋದರೆ, ಅದಕ್ಕೆ ಯಾವ ಸುಲ್ತಾನನನ್ನೂ ಯಾವ ನಾಯಕನನ್ನೂ ಹೊಣೆ ಮಾಡುವಂತಿಲ್ಲ.

ಆದಕಾರಣ ಸಂಘದ ಬಂಧುಗಳಲ್ಲಿ ನನ್ನದೊಂದು ವಿನಂತಿಯಿದೆ. ನಿಮ್ಮ ಮನೆಯ ಹಿರಿಯರ ಬಾಯಲ್ಲಿರುವ ಮಾತುಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ: ನೇಯ್ಗೆಯ ಮಾತು, ಅಡುಗೆಯ ಮಾತು, ನಂಟಸ್ತಿಕೆಯ ಮಾತು, ಬೈಗುಳವಾದರೂ ಸರಿಯೇ. ಕನ್ನಡ ಲಿಪಿ ಬಾರದಿದ್ದರೆ ತಮಿಳು ಲಿಪಿಯಲ್ಲಿಯೇ ಬರೆಯಿರಿ. ಮುಂದಿನ ಸಮ್ಮೇಳನಕ್ಕೆ ಬರುವಾಗ ಅದನ್ನು ತಂದರೆ ಒಂದೆಡೆ ಸೇರಿಸಿ ಅಚ್ಚು ಮಾಡಬಹುದು. ನನ್ನ ಪುಸ್ತಕವನ್ನು ನಾನು ಆರಂಭಿಸಿದ್ದೇನೆ. ಮಗ್ಗ, ಲಾಳಿ, ಹಾಸು, ಹೊಕ್ಕು ಎಂದು ಮೊದಲ ಪುಟ ತುಂಬಿದೆ. ಎರಡನೆಯ ಪುಟವನ್ನು ನಾನು ಹೇಳಿಕೊಟ್ಟಂತೆ ಮೊಮ್ಮಗಳೇ ಬರೆಯುತ್ತಿದ್ದಾಳೆ.